ಲೆಕ್ಕಕ್ಕೆ ಸಿಗದ ಹನ್ನೊಂದು ಮಂದಿ

ಬೆಳಗಿನ ಐದೂವರೆಗೆ ಗುಡ್ಡದ ಬಡಾವಣೆಯಿಂದ ಹೊರಡುತ್ತಿದ್ದ ಏಳನೇ ನಂಬರ್ ಬಸ್ಸಿಗೆ ಕಂಡಕ್ಟರನೇ ಅಲಾರಂ ಗಡಿಯಾರ. ಬಸ್ಸು ಮೇಲೆ ಬಂದು ತಿರುಗಿ ನಿಂತ ಕೂಡಲೇ ಅವನು ಕೆಳಗಿಳಿದು, ಎರಡು ಬೆರಳು ಬಾಯಿಗಿಟ್ಟು ಉದ್ದನೆಯ ಸೀಟಿ ಹೊಡೆದು, "ಏಳು ಬಂತು, ಏಳ್ರಪ್ಪಾ ಏಳಿ!" ಎಂದು ಕೂಗುತ್ತಿದ್ದ. ಹಾಗಾಗಿ ಅವನಿಗೆ ಸೀಟಿ ಎಂದೇ ಹೆಸರು ಬಿತ್ತು. ಹುಟ್ಟುಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

"ಈ ಬಸ್ಸಲ್ಲಿ ನೆಟ್ಟಗಿರೋದು ಸೀಟಿ ಒಂದೇ. ಸೀಟೆಲ್ಲ ಕಿತ್ತುಹೋಗಿದೆ" ಎಂದು ಕಟಿಂಗ್ ಅಂಗಡಿಯವನು ದಿನಾ ಹೇಳುತ್ತಿದ್ದ. ದಿನಾ ಹೇಳಿದರೂ ಯಾರಾದರೊಬ್ಬರು ನಗುತ್ತಿದ್ದರು, ಏಕೆಂದರೆ ಮಾತು ಸುಳ್ಳಲ್ಲ. ಹಿಂಬಾಗಿಲನ್ನು ಸೈಕಲ್ ಟ್ಯೂಬಿನಿಂದ ಬಿಗಿದಿದ್ದರು. ಕಿಟಕಿಯ ಗಾಜುಗಳಲ್ಲಿ ಅರ್ಧದಷ್ಟು ಏರಿದರೆ ಇಳಿಯವು, ಉಳಿದರ್ಧ ಇಳಿದರೆ ಏರವು. ಸಾರಿಗೆ ಇಲಾಖೆಗೆ ದೂರು ಬರೆದರೆ, ನಿಮ್ಮ ದೂರು ಪರಿಶೀಲನೆಯಲ್ಲಿದೆ ಎಂಬ ಕಾಗದ ಎಂಟು ತಿಂಗಳಿಗೆ ಬರುತ್ತಿತ್ತು. ಆ ಕಾಗದವನ್ನು ಸೀಟಿ ಡಿಪೋ ಮ್ಯಾನೇಜರರ ದನಿಯಲ್ಲಿ, ಎರಡು ಪದಕ್ಕೊಮ್ಮೆ ಗಂಟಲು ಕೆರೆದುಕೊಂಡು ಓದುತ್ತಿದ್ದ. ಅವನ ಗಂಟಲಿಗೆ ಒಗ್ಗದ ದನಿಯೇ ಇರಲಿಲ್ಲ. ಗಿಯರ್ ಬದಲಾಯಿಸುವಾಗಿನ ಬಸ್ಸಿನ ನರಳಾಟವನ್ನೂ ಎಂಥದೋ ಹಳೆಯ ನೆಂಟನ ಕೆಮ್ಮಿನಂತೆ ಒಪ್ಪಿಸುತ್ತಿದ್ದ.

ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಬಸ್ಸಿನ ಮುಂದಿನ ಮೂರು ಸಾಲುಗಳಲ್ಲಿ ನಗು ಕಮ್ಮಿ. ಅಲ್ಲಿ ಹನ್ನೊಂದು ಮಂದಿ ಕೂರುತ್ತಿದ್ದರು. ಮೂತ್ರಪಿಂಡ ಕೆಟ್ಟವರು, ನದಿಯಾಚೆಯ ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ರಕ್ತ ಸೋಸಿಸಿಕೊಂಡು ಬರುವವರು. ಆರೂವರೆಗೆ ಖುರ್ಚಿಯಲ್ಲಿ ಕೂತಿರಬೇಕು. ಆರೂಮುಕ್ಕಾಲಾದರೆ ಆ ಖುರ್ಚಿ ಕಾದು ಕುಳಿತ ಇನ್ನೊಬ್ಬರದು.

ಹನ್ನೊಂದರಲ್ಲಿ ಒಬ್ಬಳು ಸೀಟಿಯ ಅಕ್ಕ. ಮನೆಯಲ್ಲೇ ಶಾಲೆಯ ಸಮವಸ್ತ್ರದ ಕಾಲರು ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ತಮ್ಮನೊಂದಿಗೇ ಇದ್ದಳು. ಸೂಜಿ ಚುಚ್ಚಲೆಂದು ಅವಳ ಎಡಗೈಯ ನರಗಳನ್ನು ಜೋಡಿಸಿದ ಕಡೆ ಹಗ್ಗದಂತೆ ಉಬ್ಬಿತ್ತು. ಬೆರಳಿಟ್ಟರೆ ಝುಂ ಎನ್ನುತ್ತಿತ್ತು. "ಮುಟ್ಟಿ ನೋಡೋ, ನಿನ್ನ ಬಸ್ಸಿಗಿಂತ ನನ್ನ ಎಂಜಿನ್ನೇ ವಾಸಿ" ಎನ್ನುತ್ತಿದ್ದಳು.

ಇಂಥ ರೋಗಿಗಳಿಗೆ ಬಸ್ಸು ಉಚಿತ ಎಂದು ಸರ್ಕಾರದ ಆದೇಶವೇ ಇತ್ತು. ಆದರೆ ಉಚಿತಕ್ಕೂ ಟಿಕೆಟ್ ಹರಿಯಬೇಕು. ಟಿಕೆಟ್ ಮೆಷಿನ್ನಿನಲ್ಲಿ ರೋಗಿಯ ಪಾಸಿನ ಹನ್ನೆರಡು ಅಂಕಿಗಳನ್ನು ಒತ್ತಿ, ಹುಟ್ಟಿದ ದಿನ ಒತ್ತಿ, ಸೊನ್ನೆ ದರದ ಚೀಟಿ ತೆಗೆಯಬೇಕು. ಆರು ವರ್ಷದ ಹಿಂದೆ, ಆದೇಶ ಬಂದ ಮೊದಲ ವಾರದಲ್ಲೇ, ನಿವೃತ್ತ ಮೇಷ್ಟ್ರೊಬ್ಬರು ನಡುಗುವ ಕೈಯಿಂದ ಚೀಲ ಕೆದಕಿ ಪಾಸು ಹುಡುಕುತ್ತಿದ್ದಾಗ ಬಸ್ಸು ಏಳು ನಿಮಿಷ ನಿಂತಿತ್ತು. ಅಂದು ಸೀಟಿ ಎಲ್ಲರಿಗೂ ಕೇಳುವಂತೆ ಹೇಳಿದ್ದ: "ಮೇಷ್ಟ್ರೇ, ಒಳಗಿಡಿ. ನಿಮ್ಮ ಮುಖಾನೇ ಪಾಸು. ಕೂತ್ಕೊಳ್ಳಿ ಸಾಕು." ಅಂದಿನಿಂದ ಆ ಹನ್ನೊಂದು ಮಂದಿಗೆ ಅವನು ಮೆಷಿನ್ ಮುಟ್ಟಲೇ ಇಲ್ಲ. ಆ ಹೊತ್ತಿಗೆ ಎದ್ದು ಬಂದು ಬಸ್ಸು ಹತ್ತುವ ತನಿಖೆಯವರು ಯಾವ ಊರಿನಲ್ಲಿದ್ದಾರೆ? ಬಸ್ಸು ಹೊತ್ತಿಗೆ ಸರಿಯಾಗಿ ಹೋಯಿತು. ಹನ್ನೊಂದು ಮಂದಿ ಬದುಕಿದರು.

ಡಿಪೋದ ಹಲಗೆಗೆ ಒಂದು ಮಧ್ಯಾಹ್ನ ಸುತ್ತೋಲೆ ಬಿತ್ತು. ಯಾವ ಮಾರ್ಗದ ಮೊದಲ ಟ್ರಿಪ್ಪಿನಲ್ಲಿ, ಸೋಮ, ಬುಧ, ಶುಕ್ರವಾರಗಳ ಎಣಿಕೆಯಂತೆ, ಎರಡು ವರ್ಷದ ಸರಾಸರಿ ಇಪ್ಪತ್ತೈದು ಪ್ರಯಾಣಿಕರಿಗಿಂತ ಕಮ್ಮಿ ಇದೆಯೋ ಆ ಮಾರ್ಗವನ್ನು ಖಾಸಗಿ ವ್ಯಾನ್ ಕಂಪನಿಗೆ ಬಿಟ್ಟುಕೊಡಲಾಗುವುದು. ಜನರಿಗೆ ಆಕ್ಷೇಪವಿದ್ದಲ್ಲಿ ವಿಚಾರಣಾ ಸಭೆಗೆ ಬರಬಹುದು. ಕೆಳಗೆ ಸಹಿ ಮಾಡಿದ್ದ ಅಧಿಕಾರಿಯನ್ನು ಎಲ್ಲರೂ ಅಂಕಿ ಮೇಡಂ ಎನ್ನುತ್ತಿದ್ದರು. ಅವರು ಪ್ರತಿ ವಾಕ್ಯದ ಕೊನೆಗೆ "ಅಲ್ಲವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುವವರು. ಸೀಟಿ ಖುರ್ಚಿ ಹತ್ತಿ ನಿಂತು ಸುತ್ತೋಲೆಯನ್ನು ಅವರ ದನಿಯಲ್ಲೇ ಓದಿದ.

"ಬಸ್ಸು ಖಾಲಿ ಓಡುತ್ತಿದೆ, ಅಲ್ಲವಾ? ಖಾಲಿ ಬಸ್ಸಿಗೆ ಜನರ ತೆರಿಗೆ ಸುರೀಬಾರದು, ಅಲ್ಲವಾ? ಏಳನೇ ನಂಬರ್, ಸರಾಸರಿ ಹದಿನಾರು, ಅಲ್ಲ..."

ಅಲ್ಲಿಗೆ ಅವನ ದನಿ ಅವನದಾಯಿತು. ಉಳಿದವರು ಇನ್ನೂ ನಗುತ್ತಿದ್ದರು. ಹದಿನಾರಕ್ಕೆ ಹನ್ನೊಂದು ಸೇರಿದರೆ ಇಪ್ಪತ್ತೇಳು.

ಅವನ ಬಸ್ಸಿನ ಡ್ರೈವರಿಗೆ ಮೌನಿ ಎಂದು ಹೆಸರು. ಹದಿನೆಂಟು ವರ್ಷದಲ್ಲಿ ಹಾರ್ನ್ ಬಿಟ್ಟರೆ ಅವನಿಂದ ಬೇರೆ ಸದ್ದು ಕೇಳಿದವರು ಕಮ್ಮಿ. ಸಂಜೆ ಬಸ್ಸು ತೊಳೆಯುವ ಕಡೆ ಸೀಟಿ ಅವನಿಗೆ ವಿಷಯ ಹೇಳಿದ.

"ನಾನೇ ಕಣಯ್ಯಾ ಅವರನ್ನ ಅಳಿಸಿಹಾಕಿದ್ದು. ಸಭೇಲಿ ಹೇಳಿಬಿಡ್ತೀನಿ."

ಮೌನಿ ಬಕೆಟ್ ಕೆಳಗಿಟ್ಟ. "ಟಿಕೆಟಿಲ್ದೆ ಒಬ್ಬನ್ನ ಸಾಗಿಸಿದ್ರೆ ಅಮಾನತು. ಹನ್ನೊಂದು ಜನ, ಆರು ವರ್ಷ. ನೀನೇ ಗುಣಿಸ್ಕೋ."

"ಇನ್ನೇನು ಮಾಡ್ಲಿ ಮತ್ತೆ?"

"ಬಾಯಿ ಮುಚ್ಕೋ. ಹದಿನೆಂಟು ವರ್ಷದಿಂದ ಅದೇ ನನ್ನ ಕೈ ಹಿಡಿದಿದೆ."

ಅಕ್ಕನೂ ಅದನ್ನೇ ಹೇಳಿದಳು, ಕಾಲರಿನ ಮೂಲೆ ತಿರುವುತ್ತಾ. "ನೀನು ಹೇಳಿದ್ರೆ ಬಸ್ಸು ಉಳಿಯುತ್ತೆ ಅಂತ ಯಾರೋ ಬರ್ಕೊಟ್ಟಿದಾರಾ? ಬಸ್ಸು, ಕೆಲಸ ಎರಡೂ ಹೋದ್ರೆ?"

"ಹೇಳ್ದೇ ಇದ್ರೆ ಒಂದಂತೂ ಗ್ಯಾರಂಟಿ ಹೋಗುತ್ತಲ್ಲಕ್ಕಾ."

"ವ್ಯಾನ್ ಬರುತ್ತಂತೆ. ತಣ್ಣಗಿರುತ್ತಂತೆ."

"ಬರ್ಲಿ. ಅದು ಐದೂವರೆಗೆ ಹೊರಡುತ್ತೆ ಅಂತ ನಿಂಗೆ ಯಾರು ಬರ್ಕೊಟ್ರು?"

ಅವಳು ದಾರ ಕಚ್ಚಿ ತುಂಡು ಮಾಡಿದಳು.

ಸಭೆ ಪುರಸಭೆಯ ಮೇಲಂತಸ್ತಿನ ಹಾಲಿನಲ್ಲಿ. ಮಂಗಳವಾರವಾದ್ದರಿಂದ ಹನ್ನೊಂದು ಮಂದಿಯೂ ಬಂದಿದ್ದರು. ಮೆಟ್ಟಿಲು ಹತ್ತಿ ಬರಲು ಅವರಿಗೆ ಕಾಲು ಗಂಟೆ ಹಿಡಿಯಿತು. ವೇದಿಕೆಯ ಮೇಲೆ ಅಂಕಿ ಮೇಡಂ, ಪಕ್ಕದಲ್ಲಿ ವ್ಯಾನ್ ಕಂಪನಿಯಿಂದ ಬಂದ, ಸೆಕೆಯಲ್ಲೂ ಟೈ ಬಿಚ್ಚದ ಯುವಕ.

ಟೈಯವನು ಮೊದಲು ಎದ್ದ. "ಇದು ಆಯ್ಕೆಯ ಕಾಲ. ಸರ್ಕಾರ ಕೊಟ್ಟಿದ್ದನ್ನ ತಗೋ ಅನ್ನೋ ಕಾಲ ಹೋಯ್ತು. ಇನ್ಮೇಲೆ ನೀವು ಬಸ್ಸಿಗೆ ಕಾಯ್ಬೇಕಿಲ್ಲ, ವ್ಯಾನೇ ನಿಮಗೆ ಕಾಯುತ್ತೆ!"

ಕಟಿಂಗ್ ಅಂಗಡಿಯವನು ಜೋರಾಗಿ ಚಪ್ಪಾಳೆ ತಟ್ಟಿದ. "ಸರಿಯಾಗ್ ಹೇಳಿದ್ರಿ ಸ್ವಾಮಿ. ಸರ್ಕಾರ ಅಂದ್ರೆ ಏನು? ಸರ್‌ಗೆ ಕಾರು, ನಮಗೆ ಟ್ಯೂಬ್ ಕಟ್ಟಿದ ಬಸ್ಸು. ಹೋಗ್ಲಿ ಬಿಡಿ ಆ ಪೀಡೆ!"

ಹಾಲೆಲ್ಲ ನಕ್ಕಿತು. ಅಕ್ಕ ಕೂತಲ್ಲಿಂದಲೇ, ಯಾರಿಗೂ ಅಲ್ಲ ಎಂಬಂತೆ, "ಆಯ್ಕೆ ಅಂದ್ರೆ ಅಕ್ಕಿಯಿಂದ ಕಲ್ಲು ಆಯ್ದು ಬಿಸಾಡೋದು. ಇಲ್ಲಿ ಕಲ್ಲು ಯಾರು ಅಂತ ಗೊತ್ತಾಯ್ತಲ್ಲ" ಎಂದಳು. ಪಕ್ಕದಲ್ಲಿದ್ದ ಮೇಷ್ಟ್ರು ಮಾತ್ರ ಕೇಳಿಸಿಕೊಂಡರು.

ಸೀಟಿ ಎದ್ದು ನಿಂತ. ಹನ್ನೆರಡು ಅಂಕಿ, ಏಳು ನಿಮಿಷ, ಆರೂವರೆ, ಹದಿನಾರಕ್ಕೆ ಹನ್ನೊಂದು, ಒಂದನ್ನೂ ಬಿಡದೆ ಹೇಳಿದ. ಯಾರ ದನಿಯನ್ನೂ ಅನುಕರಿಸದೆ ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಹನ್ನೊಂದು ಮಂದಿಯೂ ಎದ್ದು ನಿಂತರು, ಮೇಷ್ಟ್ರು ಮುಂದಿನ ಖುರ್ಚಿಯ ಬೆನ್ನು ಹಿಡಿದು.

ಅಂಕಿ ಮೇಡಂ ಕನ್ನಡಕ ತೆಗೆದು ಅವರನ್ನು ನೋಡಿದರು. ಕೆಟ್ಟವರೇನಲ್ಲ. ತಮ್ಮ ಪಕ್ಕದಲ್ಲಿದ್ದ ನೀರಿನ ಬಾಟಲಿಯನ್ನು ಮೇಷ್ಟ್ರಿಗೆ ಕೊಡಿಸಿದರು. ಮೇಷ್ಟ್ರು ಹೆಚ್ಚು ನೀರು ಕುಡಿಯುವಂತಿರಲಿಲ್ಲ, ಹಿಡಿದುಕೊಂಡು ನಿಂತರು.

"ಇವರು ಪ್ರಯಾಣ ಮಾಡಿದ್ದಕ್ಕೆ ದಾಖಲೆ ಬೇಕು, ಅಲ್ಲವಾ?"

"ಆಸ್ಪತ್ರೆ ಪುಸ್ತಕ ನೋಡಿ ಮೇಡಂ. ವಾರಕ್ಕೆ ಮೂರು ದಿನ, ಆರು ವರ್ಷ."

"ಬಂದ್ರು ಅಂತ ಆಸ್ಪತ್ರೆ ಬರೆದಿಡುತ್ತೆ. ಹೇಗೆ ಬಂದ್ರು ಅಂತ ಬರೆಯಲ್ಲ, ಅಲ್ಲವಾ?"

ಮೊನ್ನೆ ಡಿಪೋದಲ್ಲಿ ಹೊಟ್ಟೆ ಹಿಡಿದು ನಕ್ಕವರು ಹಿಂದಿನ ಸಾಲಿನಲ್ಲಿದ್ದರು. ಅದೇ ದನಿ, ಅದೇ ಅಲ್ಲವಾ. ಒಬ್ಬರೂ ನಗಲಿಲ್ಲ.

"ಮೆಷಿನ್ನಿನಲ್ಲಿ ಇಲ್ಲದ ಪ್ರಯಾಣಿಕರನ್ನ ನಾನು ಸೇರಿಸೋಕಾಗಲ್ಲ" ಎಂದರು ಅವರು ನಿಧಾನವಾಗಿ. "ಆದರೆ ನೀವು ಈಗ ಹೇಳಿದ್ದನ್ನ ಸೇರಿಸಲೇಬೇಕಾಗುತ್ತೆ."

ಹನ್ನೆರಡು ದಿನಕ್ಕೆ ಎರಡು ಆದೇಶ ಬಂದವು. ಟಿಕೆಟಿಲ್ಲದ ಪ್ರಯಾಣಿಕರನ್ನು ಆರು ವರ್ಷ ಸಾಗಿಸಿರುವುದಾಗಿ ಸ್ವತಃ ಒಪ್ಪಿಕೊಂಡ ಕಾರಣ ಕಂಡಕ್ಟರನು ಸೇವೆಯಿಂದ ವಜಾ. ಪ್ರಯಾಣಿಕರ ಕೊರತೆ ಹಾಗೂ ಸಿಬ್ಬಂದಿಯ ದುರ್ನಡತೆಯ ಕಾರಣ ಏಳನೇ ನಂಬರ್ ಮಾರ್ಗ ಖಾಸಗಿಗೆ. ಹಾಗೂ ಎಂಬ ಆ ಒಂದು ಪದವನ್ನು ಸೀಟಿ ಬಹಳ ಹೊತ್ತು ನೋಡುತ್ತಾ ಕೂತ.

ವ್ಯಾನುಗಳು ಬಂದವು. ಬಿಳಿ ಬಣ್ಣ, ಹದಿನಾಲ್ಕು ಸೀಟು, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಒಳಗೆ ತಂಪು ಗಾಳಿ. ನಿಜ ಹೇಳಬೇಕೆಂದರೆ ಚೆನ್ನಾಗಿದ್ದವು. ಮೊದಲ ಮೂರು ತಿಂಗಳು ಇಲಾಖೆಯ ಕರಾರಿನಂತೆ ಗಡಿಯಾರ ನೋಡಿ ಹೊರಟವು, ದರವೂ ಕೈಗೆಟುಕುವಂತಿತ್ತು. ಅಕ್ಕ ಆರು ಗಂಟೆಗೇ ಆಸ್ಪತ್ರೆಯ ಬಾಗಿಲಲ್ಲಿರುತ್ತಿದ್ದಳು. "ಸುಮ್ನೆ ಕೆಲಸ ಕಳ್ಕೊಂಡ್ಯಲ್ಲೋ" ಎಂದು ಕಟಿಂಗ್ ಅಂಗಡಿಯವನು ಸೀಟಿಯ ಕೆನ್ನೆಗೆ ನೊರೆ ಹಚ್ಚುತ್ತಾ ಮರುಗಿದ. ಸೀಟಿಗೂ ಹಾಗೇ ಅನ್ನಿಸತೊಡಗಿತ್ತು.

ಟೈಯವನು ಅವನನ್ನು ಹುಡುಕಿಕೊಂಡು ಬಂದದ್ದು ಆಗಲೇ. "ನಿಮ್ಮ ಗಂಟಲು ನಮಗೆ ಬೇಕು. ವ್ಯಾನ್ ಬಾಗಿಲಲ್ಲಿ ನಿಂತು ಜನ ಕರೀಬೇಕು, ಅಷ್ಟೇ."

"ವ್ಯಾನೇ ಜನಕ್ಕೆ ಕಾಯುತ್ತೆ ಅಂದಿದ್ರಲ್ಲ ಸಾರ್?"

"ಅದು ಸಭೇಲಿ" ಎಂದು ಟೈಯವನು ನಕ್ಕ. ಕೈಚಾಚಿದ. ಬೇರೆ ಕೆಲಸ ಇರಲಿಲ್ಲ. ಸೀಟಿ ಕೈ ಹಿಡಿದ.

ನಾಲ್ಕನೇ ತಿಂಗಳ ಮೊದಲ ದಿನ ನಿಲ್ದಾಣದ ಕಂಬದಿಂದ ವೇಳಾಪಟ್ಟಿ ಇಳಿದು, ಬೇರೊಂದು ಹಲಗೆ ಏರಿತು: ವ್ಯಾನ್ ತುಂಬಿದ ಕೂಡಲೇ ಹೊರಡುತ್ತದೆ. ಬಾಗಿಲ ಮೇಲೆ ತಲೆ ಎಣಿಸುವ ಪುಟ್ಟ ಕ್ಯಾಮೆರಾ ಇತ್ತು. ಹದಿನಾಲ್ಕಾಗದೆ ಹೊರಟರೆ ಆ ಟ್ರಿಪ್ಪು ಡ್ರೈವರನ ಸಂಬಳದ ಲೆಕ್ಕಕ್ಕೆ ಬೀಳದು. ಅಷ್ಟರಲ್ಲಿ ಕಟ್ಟಡ ಕೆಲಸದವರಿಗೆ ಅವರ ಗುತ್ತಿಗೆದಾರನೇ ಲಾರಿ ಕಳಿಸತೊಡಗಿದ್ದ, ಕಟಿಂಗ್ ಅಂಗಡಿಯವನು ಹಳೆಯ ಸ್ಕೂಟರ್ ಕೊಂಡಿದ್ದ, ಹೂವಿನ ಮಾರುಕಟ್ಟೆಗೆ ಹೋಗುವವರು ಬೇಗ ತುಂಬುವ ವ್ಯಾನಿಗಾಗಿ ಕೆಳಗಿನ ಮುಖ್ಯರಸ್ತೆಗೆ ನಡೆದು ಹೋಗುತ್ತಿದ್ದರು. ನಡೆಯಬಲ್ಲವರೆಲ್ಲ ನಡೆದರು. ಐದೂವರೆಗೆ ಗುಡ್ಡದ ಮೇಲೆ ಉಳಿದವರು ಹನ್ನೊಂದೇ ಮಂದಿ.

ಮೊದಲ ದಿನ ಅವರನ್ನು ಕೂರಿಸಿಕೊಂಡು ವ್ಯಾನು ಇಪ್ಪತ್ತೆಂಟು ನಿಮಿಷ ನಿಂತಿತು. ಸೀಟಿ ಗಂಟಲು ಹರಿಯುವಂತೆ ಕೂಗಿದ. ಬೀದಿಯಲ್ಲಿ ನಾಯಿಗಳು ತಿರುಗಿ ನೋಡಿದವು.

"ಹೊರಡಯ್ಯಾ, ಇವರು ತಡವಾದ್ರೆ ಸಾಯ್ತಾರೆ" ಎಂದ ಡ್ರೈವರಿಗೆ.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಕೇಳ್ಬೇಡಿ. ಅದನ್ನ ಕೇಳಿ" ಎಂದು ಅವನು ಕ್ಯಾಮೆರಾದತ್ತ ಗಲ್ಲ ಎತ್ತಿದ.

ಆಗ ಸೀಟಿಗೆ ಎರಡನೆಯ ಜಾಣತನ ಹೊಳೆಯಿತು. ಫೋನಿನಲ್ಲಿ ಮುಂಗಡ ಕಾದಿರಿಸಿದ ಸೀಟು ಖಾಲಿ ಇದ್ದರೂ ತುಂಬಿದಂತೆಯೇ ಲೆಕ್ಕ. ಉಳಿದ ಮೂರು ಸೀಟನ್ನು ಹನ್ನೊಂದು ಮಂದಿ ಹಂಚಿಕೊಂಡು ಕೊಂಡರೆ ಆಯಿತು! ಕೊಂಡರು. ವ್ಯಾನು ಐದೂವರೆಗೆ ಸರಿಯಾಗಿ ಹೊರಟಿತು. ಮೇಷ್ಟ್ರು ಖಾಲಿ ಸೀಟುಗಳಿಗೆ ನಮಸ್ಕಾರ ಮಾಡಿ, "ಅದೃಶ್ಯ ಮಹನೀಯರೇ, ಕಿಟಕಿ ಪಕ್ಕ ಬೇಕಾ?" ಎಂದರು. ಎಲ್ಲರೂ ನಕ್ಕರು. ಎರಡು ವಾರ ಹಾಗೇ ನಡೆಯಿತು.

ಮೂರನೆಯ ವಾರ ದರ ಏರಿತು. ಅದರ ಮುಂದಿನ ವಾರ ಮತ್ತೆ. ಸೀಟಿ ಟೈಯವನಿಗೆ ಫೋನ್ ಮಾಡಿದ.

"ಏನ್ ಸಾರ್ ಇದು, ನಮ್ಮ ಗುಡ್ಡಕ್ಕೊಂದೇ?"

"ನಾನ್ ಏರಿಸಿದ್ದಲ್ಲ, ಸಿಸ್ಟಂ. ಐದೂವರೆಗೆ ಅಲ್ಲಿ ಸೀಟೆಲ್ಲ ಮುಂಗಡ ಹೋಗ್ತಿದೆ. ಅಂದ್ರೆ ಬೇಡಿಕೆ ಜಾಸ್ತಿ. ಬೇಡಿಕೆ ಜಾಸ್ತಿ ಆದ್ರೆ ದರ ಜಾಸ್ತಿ."

"ಅದು ಬೇಡಿಕೆ ಅಲ್ಲ ಸಾರ್, ಖಾಲಿ ಸೀಟು! ನಾವೇ ಕೊಂಡಿದ್ದು!"

"ಕೊಂಡ್ರಲ್ಲ" ಎಂದ ಟೈಯವನು. "ಅದನ್ನೇ ಬೇಡಿಕೆ ಅನ್ನೋದು."

ಸೀಟಿ ಫೋನ್ ಇಟ್ಟು ಲೆಕ್ಕ ಹಾಕಿದ. ಇದ್ದ ಹನ್ನೊಂದು ಮಂದಿಯನ್ನು ಇಲಾಖೆಯವರು ಇಲ್ಲ ಎಂದಿದ್ದರು. ಇಲ್ಲದ ಮೂರು ಮಂದಿಯನ್ನು ಇವರು ಇದ್ದಾರೆ ಎನ್ನುತ್ತಿದ್ದರು. ಎರಡು ಕಡೆಯೂ ಕೈ ಆಡಿಸಿದವನು ತಾನೇ.

ಮೊದಲು ಬಿಟ್ಟವರು ಮೇಷ್ಟ್ರು; ಮಗಳ ಊರಿಗೆ ಹೋದರು. ಇಬ್ಬರು ಆಸ್ಪತ್ರೆಯ ಹಿಂದೆ ತಗಡಿನ ಕೋಣೆ ಹಿಡಿದರು. ಹಪ್ಪಳದ ಕಾರ್ಖಾನೆಯ ಹೆಂಗಸು ಒಂದು ಸೋಮವಾರ ಬರಲಿಲ್ಲ, ಬುಧವಾರವೂ ಬರಲಿಲ್ಲ. ಶುಕ್ರವಾರ ಯಾರೂ ಅವಳ ಸುದ್ದಿ ಕೇಳಲಿಲ್ಲ. ಒಬ್ಬೊಬ್ಬರು ಕಳಚಿದಂತೆ ಖಾಲಿ ಸೀಟು ಹೆಚ್ಚಿ, ಉಳಿದವರ ಪಾಲು ಹೆಚ್ಚಿತು. ಏಳು ಮಂದಿಯಾದಾಗ ಸೀಟು ಕೊಳ್ಳುವುದನ್ನು ನಿಲ್ಲಿಸಿದರು. ಟ್ಯಾಕ್ಸಿ ಎಂದರೆ ಅಕ್ಕನ ಮೂರು ದಿನದ ಹೊಲಿಗೆ. ಸೀಟಿ ನಾಲ್ಕು ಸಲ ತರಿಸಿದ, ಐದನೆಯ ಸಲ ಅವಳು ಹತ್ತಲಿಲ್ಲ. "ನನ್ನ ಸೋಸೋಕೆ ಹೋಗಿ ನಿನ್ನ ಹಿಂಡಿ ಹಾಕ್ಬೇಕಾ?" ಎಂದಳು.

ಅವಳು ವ್ಯಾನಿನೊಳಗೆ ಕೂತು ಕಾಯುವಳು. ಅವನು ಬಾಗಿಲಲ್ಲಿ ನಿಂತು ಕೂಗುವನು. ಅವನ ಗಂಟಲೇ ಅವಳ ಗಡಿಯಾರ. ಒಂದು ಶುಕ್ರವಾರ ಹತ್ತು ನಿಮಿಷ ತಡವಾಗಿ ಮುಟ್ಟಿದರು. ನರ್ಸಮ್ಮ ಖುರ್ಚಿ ಹಿಡಿದಿಟ್ಟಿದ್ದರು. ಮುಂದಿನ ಬುಧವಾರ ಇಪ್ಪತ್ತೈದು ನಿಮಿಷ. ಎರಡೇ ಗಂಟೆ ಸೋಸಿ ಕಳಿಸಿದರು. ಆ ವಾರ ಅವಳ ಪಾದ ಚಪ್ಪಲಿಗೆ ಹಿಡಿಸಲಿಲ್ಲ. ಅದರ ಮುಂದಿನ ಸೋಮವಾರ ವ್ಯಾನು ತುಂಬಿದ್ದೇ ಆರೂವರೆಗೆ.

ನರ್ಸಮ್ಮ ಬಾಗಿಲಿಗೇ ಬಂದರು. ಹಿಂದೆ ಅಕ್ಕನ ಖುರ್ಚಿಯಲ್ಲಿ ಯಾರೋ ಮಲಗಿದ್ದರು, ಕಾಲಷ್ಟೇ ಕಾಣುತ್ತಿತ್ತು.

"ಅಮ್ಮಾ, ಮೂರನೇ ಸಲ. ಇಷ್ಟು ದಿನ ನಾನೇ ಸುಳ್ಳು ಹೇಳಿ ತಡೆದಿದ್ದೆ. ಪಟ್ಟಿಯಿಂದ ತೆಗೆದುಬಿಟ್ರು."

"ಹಾಗಾದ್ರೆ ಇನ್ನು?" ಎಂದ ಸೀಟಿ.

"ರಾತ್ರಿ ಹತ್ತರಿಂದ ಎರಡು. ಅದೊಂದೇ ಖಾಲಿ ಇರೋದು. ಬೇಕಂದ್ರೆ ಈಗಲೇ ಬರೀತೀನಿ, ಸಂಜೆಗೆ ಅದೂ ಇರಲ್ಲ."

"ಬರೀರಿ" ಎಂದ ಸೀಟಿ.

"ತಡೀರಿ" ಎಂದಳು ಅಕ್ಕ. "ಎರಡಕ್ಕೆ ಮುಗಿದ್ರೆ ಮನೆಗೆ ಹೇಗೆ ಹೋಗ್ಲಿ?"

ನರ್ಸಮ್ಮ ಸೀಟಿಯ ಮುಖ ನೋಡಿದರು. ಕೊನೆಯ ವ್ಯಾನು ಒಂಬತ್ತಕ್ಕೆ, ಬೆಳಗಿನ ಮೊದಲನೆಯದು ಯಾವಾಗ ತುಂಬುತ್ತದೋ ಆಗ.

"ಇಲ್ಲೇ ಬೆಂಚಿನ ಮೇಲೆ ಕೂತಿರೋಣ. ನಾನೂ ಬರ್ತೀನಲ್ಲ" ಎಂದ.

"ವಾರಕ್ಕೆ ಮೂರು ರಾತ್ರಿ. ಬೆಳಿಗ್ಗೆ ನೀನು ಬಾಗಿಲಲ್ಲಿ ನಿಂತು ಏನಂತ ಕೂಗ್ತೀಯ, ಆಕಳಿಸ್ತೀಯಾ?" ಅವಳು ನರ್ಸಮ್ಮನ ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಮುಚ್ಚಿದಳು. "ಬೇಡ ಬಿಡಿಯಮ್ಮಾ. ಹತ್ತಿರದಲ್ಲಿ ಇರೋರು ಯಾರಿಗಾದ್ರೂ ಕೊಡಿ."

"ಅಕ್ಕಾ, ತಲೆ ಕೆಟ್ಟಿದೆಯಾ ನಿಂಗೆ?"

"ಕೂಗ್ಬೇಡ. ಇದು ಆಸ್ಪತ್ರೆ, ನಿನ್ನ ಸ್ಟಾಂಡಲ್ಲ."

ಹೊರಗೆ ಬಂದು ಅವನು ಜಗಳವಾಡಿದ, ಬೇಡಿದ, ಕೊನೆಗೆ ಅತ್ತ. ತಾನೇ ಎಲ್ಲ ಹಾಳು ಮಾಡಿದೆ ಎಂದ. ಅವಳು ಗೋಡೆಗೊರಗಿ ಉಸಿರು ಎಳೆದುಕೊಳ್ಳುತ್ತಾ ಕೇಳಿಸಿಕೊಂಡಳು.

"ಅಯ್ಯೋ ಮಂಕೇ, ಆ ಹನ್ನೆರಡು ಅಂಕಿ ಒತ್ತುತ್ತಾ ಕೂತಿದ್ರೆ ಆರು ವರ್ಷದ ಹಿಂದೇನೇ ತಡ ಆಗ್ತಿತ್ತು. ನಡಿ, ನೂರಿಪ್ಪತ್ತು ಕಾಲರು ನಾಳೆಗೆ ಕೊಡ್ಬೇಕು."

ಆಸ್ಪತ್ರೆಯ ಗೇಟಿನ ಎದುರು ವ್ಯಾನು ನಿಂತಿತ್ತು. ಈ ಕಡೆಯಿಂದ ಬೇಗ ತುಂಬುತ್ತದೆ. ಡ್ರೈವರು ಒಂದು ಬೆರಳು ಎತ್ತಿ ತೋರಿಸಿದ. ಒಂದೇ ಸೀಟು.

"ನೀನು ಹೋಗೋ, ನಿನ್ನ ಡ್ಯೂಟಿ ಇದೆ" ಎಂದಳು ಅಕ್ಕ.

ಅವನು ಅವಳ ತೋಳಿನಡಿ ಕೈ ಕೊಟ್ಟು ಮೇಲೆ ಹತ್ತಿಸಿದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ತಂಪು ಗಾಳಿಗೆಂದು ಮುಚ್ಚಿದ ಕಪ್ಪು ಗಾಜಿನೊಳಗೆ ಅವಳು ಎಲ್ಲಿ ಕೂತಳೆಂದು ಹೊರಗಿನಿಂದ ತಿಳಿಯಲಿಲ್ಲ. ಅವನು ಗುಡ್ಡದವರೆಗೆ ನಡೆದು ಮನೆ ಮುಟ್ಟುವಾಗ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

ನಾಲ್ಕು ದಿನ ಹೊಲಿದಳು. ಐದನೆಯ ದಿನದಿಂದ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಕೊಟ್ಟು ಕೂತೇ ಇದ್ದಳು. ಒಂಬತ್ತನೆಯ ಬೆಳಿಗ್ಗೆ ಅವಳ ಮಾತು ತೊದಲತೊಡಗಿದಾಗ ಅವನು ಅವಳನ್ನು ಕೇಳದೆ ಟ್ಯಾಕ್ಸಿಗೆ ಹೇಳಿದ. ಹನ್ನೆರಡು ನಿಮಿಷ ಎಂದರು. ಹನ್ನೆರಡು ನಿಮಿಷಕ್ಕೆ ಸರಿಯಾಗಿ ಟ್ಯಾಕ್ಸಿ ಬಂದು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯಿತು.

ಅವಳ ಎಡಗೈಯ ಝುಂ ಅಷ್ಟರಲ್ಲೇ ನಿಂತುಹೋಗಿತ್ತು. ಸೀಟಿ ಹೊರಗೆ ಬಂದು, ಬೇಡ, ಹೋಗಿ ಎಂದ.

"ಬುಕ್ ಮಾಡಿ ಬೇಡ ಅಂದ್ರೆ ಅರ್ಧ ಬಾಡಿಗೆ ಕೊಡ್ಬೇಕಾಗುತ್ತೆ ಸಾರ್" ಎಂದ ಚಾಲಕ.

ಅವನು ಒಳಗೆ ಹೋಗಿ ತಂದು ಕೊಟ್ಟ.